ಕ್ಯಾಂಡಿಯಲ್ಲಿದ್ದ ಕಾರ್ಬುರೇಟರ್

ಹೊಸನಗರ

ಶ್ರೀಲಂಕಾಕ್ಕೆ ಹೋಗಿ ಬಂದೆ ಎಂದರೆ ನಮ್ಮ ಕಡೆಯವರು ಮೊದಲು ಕೇಳುವುದು ಅಶೋಕವನದ ವಿಷಯ. ನನ್ನ ಅಂಗಡಿಗೆ ರವಿಕೆ ಹೊಲಿಸಲು ಬರುವ ಹೆಂಗಸರೆಲ್ಲ ಅದನ್ನೇ ಕೇಳಿದರು. ಸೀತಮ್ಮ ಕೂತಿದ್ದ ಜಾಗ ಈಗಲೂ ಇದೆಯಂತೆ, ಹೌದಾ ಗುಣಕ್ಕ? ನಾನು ನೋಡಲಿಲ್ಲ. ಸಮುದ್ರವನ್ನೂ ಬಸ್ಸಿನ ಕಿಟಕಿಯಿಂದ ಸ್ವಲ್ಪ ಹೊತ್ತು ನೋಡಿದ್ದಷ್ಟೆ. ನಾನು ಕಣ್ಣು ತುಂಬಾ ನೋಡಿ ಬಂದದ್ದು ಹಲಸಿನ ಮರದ ಕೆಳಗಿನ ಒಂದು ಗ್ಯಾರೇಜನ್ನು. ಹೋದ ಕಾರಣವನ್ನು ಒಬ್ಬೊಬ್ಬರಿಗೂ ಮೊದಲಿನಿಂದ ಹೇಳಿ ಹೇಳಿ ಆಯಾಸವಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಗಂಡ ಉಮೇಶ ಹೊಸನಗರದಲ್ಲಿ ಗ್ಯಾರೇಜು ನಡೆಸುತ್ತಿದ್ದರು. ಜೀಪು, ಟಿಲ್ಲರು, ಪಿಕಪ್ ವ್ಯಾನುಗಳ ಕೆಲಸವೇ ಹೆಚ್ಚು. ಅವುಗಳ ನಡುವೆ ಅವರು ತುಂಬಾ ಇಷ್ಟಪಟ್ಟು ಮುಟ್ಟುತ್ತಿದ್ದ ವಾಹನ ಒಂದೇ, ತೀರ್ಥಹಳ್ಳಿಯ ಡಾಕ್ಟರಮ್ಮನ ಮಾರಿಸ್ ಮೈನರ್. ಡಾಕ್ಟರಮ್ಮ ನಮ್ಮ ಸುತ್ತಿನ ಅರ್ಧ ಜನಕ್ಕೆ ಹೆರಿಗೆ ಮಾಡಿಸಿದವರು. ಮದುವೆಯಾಗಲಿಲ್ಲ. ತಂದೆ ಬಿಟ್ಟುಹೋದ ಆ ಬೂದು ಬಣ್ಣದ ಕಾರಿನಲ್ಲೇ ಕೆಲಸ ಬಿಡುವ ತನಕ ಓಡಾಡಿದರು. ಯಾರು ಕಾರನ್ನು ಹೊಗಳಿದರೂ ಅವರ ಮಾತು ಒಂದೇ: "ಅಪ್ಪಯ್ಯ ತಂದಾಗ ಹೆಂಗಿತ್ತೋ ಇವತ್ತೂ ಹಂಗೇ ಉಂಟು. ಒಂದು ಸ್ಕ್ರೂ ಬದಲಾಗಿಲ್ಲ." ನಮ್ಮನೆಯವರು ಪಕ್ಕದಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತು ತಲೆಯಾಡಿಸುತ್ತಿದ್ದರು.

ಹೋದ ಮಳೆಗಾಲ ಹಿಡಿಯುವ ಮುಂಚೆ ಅವರಿಗೆ ಎದೆನೋವು ಬಂತು. ಆಸ್ಪತ್ರೆಯ ಬಾಗಿಲ ತನಕವೂ ತಲುಪಲಿಲ್ಲ.

ಮಳೆ ನಿಂತ ಮೇಲೆ ಡಾಕ್ಟರಮ್ಮನ ಅಣ್ಣನ ಮಗ ಪ್ರಸನ್ನ, ಶಿವಮೊಗ್ಗದಿಂದ ಹಳೇ ಕಾರು ಕೂಡಿಹಾಕುವ ಒಬ್ಬರನ್ನು ಕರೆತಂದ. ಡಾಕ್ಟರಮ್ಮನ ಕಣ್ಣು ಮಂಜಾಗಿತ್ತು, ಕಾರು ಮಾರಲು ಒಪ್ಪಿದ್ದರು. ಬಂದವರು ಬಾನೆಟ್ ಎತ್ತಿ ನೋಡಿ, ಇದು ಈ ಕಾರಿನ ಕಾರ್ಬುರೇಟರ್ ಅಲ್ಲ, ಒರಿಜಿನಲ್ಲನ್ನು ಯಾರೋ ತೆಗೆದು ಬೇರೆಯದು ಕೂರಿಸಿದ್ದಾರೆ ಎಂದರಂತೆ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಊಡುವ ಸಾಮಾನು ಅದು. ಹಳೇ ಕಾರಿನ ಮೋಹದವರಿಗೆ ಅದು ಒರಿಜಿನಲ್ ಇದ್ದರೇನೇ ಕಾರಿಗೆ ಬೆಲೆ. ಮೂವತ್ತು ವರ್ಷದಿಂದ ಆ ಬಾನೆಟ್ಟಿನೊಳಗೆ ಕೈ ಹಾಕಿದ್ದವರು ನಮ್ಮನೆಯವರು ಒಬ್ಬರೇ. ಉಳಿದದ್ದನ್ನು ಪ್ರಸನ್ನ ತಾನೇ ಕೂಡಿಸಿಕೊಂಡ, ಹೋಟೆಲಿನಲ್ಲಿ ಕೂತು ಹೇಳಿದ. ಮೆಕ್ಯಾನಿಕ್ಕು ಅತ್ತೆ ಕಾರಿನ ಒರಿಜಿನಲ್ ಮಾರ್ಕೊಂಡಿದಾನೆ.

ಆ ಮಾತು ಸಾಗರದ ಗ್ಯಾರೇಜುಗಳ ತನಕ ಹೋಯಿತು. ನಮ್ಮನೆಯವರು ಕೆಲಸ ಕಲಿತದ್ದು ಅಲ್ಲಿ. ಅವರ ಜೊತೆ ಕಲಿತ ಶೇಖರಣ್ಣ ಒಂದು ದಿನ ಅಂಗಡಿಯ ಮೆಟ್ಟಿಲ ಮೇಲೆ ಬಂದು ನಿಂತರು.

"ಗುಣಕ್ಕ, ಹಿಂಗಿಂಗೆ ಅಂತಾರೆ. ನಾ ನಂಬಿಲ್ಲ. ಆದ್ರೂ ನಿಮ್ಮ ಕಿವಿಗೆ ಬೇರೆ ಯಾರೋ ಹಾಕೋದಕ್ಕಿಂತ ನಾನೇ ಹೇಳಾನ ಅಂತ ಬಂದೆ."

"ಕೂತ್ಕಳಿ, ಚಾ ತರಿಸ್ತೀನಿ."

"ಬ್ಯಾಡ," ಎಂದು ಹೋಗಿಬಿಟ್ಟರು. ನಂಬದೇ ಇದ್ದವರು ಚಾ ಕುಡಿಯುತ್ತಿದ್ದರು ಎಂದು ನನಗೆ ಅನಿಸಿತು.

ತೀರ್ಥಹಳ್ಳಿ

ನಮ್ಮನೆಯವರ ಫೋನನ್ನು ನಾನು ಆರಿಸಿರಲಿಲ್ಲ. ಹೊಲಿಗೆ ಮೆಷಿನ್ನಿನ ಪಕ್ಕ ಚಾರ್ಜಿಗೆ ಹಾಕಿ ಇಟ್ಟಿದ್ದೆ. ಶೇಖರಣ್ಣ ಬಂದು ಹೋದ ಸ್ವಲ್ಪ ದಿನಕ್ಕೆ ಅದರಲ್ಲಿ ಒಂದು ಚಿತ್ರ ಬಂತು. ಬೆಳಗಿದ ಪಾತ್ರೆಯ ಹಾಗೆ ಹೊಳೆಯುವ ಒಂದು ಕಾರ್ಬುರೇಟರ್. ಕೆಳಗೆ ಇಂಗ್ಲಿಷಿನಲ್ಲಿ, ನಿಮ್ಮ ಮೈನರಿನ ಒರಿಜಿನಲ್ ತಯಾರಾಗಿದೆ, ಯಾವಾಗ ಬರುತ್ತೀರಿ ಎಂದಿತ್ತು. ಕಳಿಸಿದವನ ಹೆಸರು ನಿಮಲ್, ಊರು ಕ್ಯಾಂಡಿ.

ಹಾಗಾದರೆ ಒರಿಜಿನಲ್ ಅಲ್ಲಿದೆ. ಅದು ಅಲ್ಲಿಗೆ ಹೋದದ್ದು ಹೇಗೆ?

ಮರುದಿನ ಬಸ್ಸು ಹತ್ತಿ ತೀರ್ಥಹಳ್ಳಿಗೆ ಹೋಗಿ ಫೋನನ್ನು ಡಾಕ್ಟರಮ್ಮನ ಕೈಗೆ ಕೊಟ್ಟೆ. ಮುಚ್ಚಿಡಬಹುದಿತ್ತು. ಮುಚ್ಚಿಟ್ಟರೆ ನಾನೇ ನಮ್ಮನೆಯವರನ್ನು ಕಳ್ಳ ಎಂದು ಒಪ್ಪಿದ ಹಾಗೆ. ಡಾಕ್ಟರಮ್ಮ ಚಿತ್ರವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಫೋನು ಮಾಡಿದೆವು. ಆ ಮನುಷ್ಯನ ಇಂಗ್ಲಿಷು ಡಾಕ್ಟರಮ್ಮನ ಕಿವಿಗೆ ಸಿಗಲಿಲ್ಲ. ಉಮೇಶ ಹೋಗಿಬಿಟ್ಟರು ಎಂಬುದೊಂದು ಅವನಿಗೆ ತಿಳಿಯಿತು. ನೀವು ಬನ್ನಿ, ನಾನು ಇಟ್ಟಿರುತ್ತೇನೆ ಎಂದಷ್ಟೇ ಹೇಳಿ ಇಟ್ಟುಬಿಟ್ಟ.

"ಬರೆದು ಕೇಳಾನ?" ಎಂದೆ.

"ಇಂಥಾ ಮಾತು ಬರೆದು ಕೇಳೋದಲ್ಲ ಮಾರಾಯ್ತಿ. ಮುಖ ನೋಡಿ ಕೇಳಬೇಕು. ನಾನು ರೋಗಿಗಳನ್ನ ಹಂಗೇ ಕೇಳಿದ್ದು." ಫೋನನ್ನು ನನ್ನ ಕೈಗೆ ವಾಪಸು ಕೊಟ್ಟು, "ಪಾಸ್‌ಪೋರ್ಟ್ ಉಂಟನೇ ನಿಂಗೆ?" ಎಂದರು.

ಇರಲಿಲ್ಲ, ಮಾಡಿಸಿದೆವು. ಅಷ್ಟೆಲ್ಲ ದಿನಗಳಲ್ಲಿ ಡಾಕ್ಟರಮ್ಮ ಒಮ್ಮೆಯೂ ಉಮೇಶನ ಮೇಲೆ ನನಗೆ ಅನುಮಾನವಿದೆ ಎನ್ನಲಿಲ್ಲ. ಅನುಮಾನವಿಲ್ಲ ಎಂದೂ ಹೇಳಲಿಲ್ಲ. ನನಗೆ ಬೇಕಾಗಿದ್ದದ್ದು ಆ ಎರಡನೆಯ ಮಾತು. ಅದು ಇಲ್ಲಿ ಸಿಗದ ಕಾರಣ ಸಮುದ್ರದಾಚೆಗೆ ಹೊರಟೆ.

ಕೊಲಂಬೊ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಡಾಕ್ಟರಮ್ಮನ ಚೀಲದಿಂದ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ತೆಗೆದರು. ರಸ ಇರುವ ಪದಾರ್ಥ ಒಳಗೆ ಬಿಡುವುದಿಲ್ಲವಂತೆ. "ಇದು ಊಟ ಅಲ್ಲಪ್ಪ, ಔಷಧಿ. ನಾನು ಡಾಕ್ಟ್ರು, ನಾನು ಹೇಳ್ತೀನಲ್ಲ," ಎಂದರು. ತಪಾಸಣೆಯ ಹುಡುಗಿ ಮುಚ್ಚಳ ತೆಗೆದು ಮೂಸಿ ನೋಡಿ, ಸಾರಿ ಅಜ್ಜಿ ಎಂದಳು. ವಿಮಾನ ಏರಿದ ಮೇಲೂ ಡಾಕ್ಟರಮ್ಮ, "ಮೂಸಿದ್ದು ನೋಡಿದ್ರೆ ಅವಳು ಬಿಸಾಡೋದಿಲ್ಲ, ತಿಂತಾಳೆ. ತಿನ್ಲಿ," ಎನ್ನುತ್ತಿದ್ದರು. ನಾನು ನಗಬೇಕಿತ್ತು. ನಿದ್ದೆ ಬರುತ್ತಿತ್ತು. ನಮ್ಮನೆಯವರು ಹೋದಾಗಿನಿಂದ ನನಗೆ ರಾತ್ರಿ ಬಾರದ ನಿದ್ದೆ ಹಗಲೆಲ್ಲ ಬರುತ್ತದೆ, ಅದೂ ಎಚ್ಚರವಿರಬೇಕಾದ ಕಡೆ.

ಕೊಲಂಬೊ ಸೆಕೆಯ ಊರು. ಮಂಗಳೂರನ್ನು ನೆನೆಸಿಕೊಳ್ಳಿ, ಅದಕ್ಕೊಂದಿಷ್ಟು ಶಿಸ್ತು ಸೇರಿಸಿ. ರಸ್ತೆ ದಾಟಲು ಬಿಳಿ ಪಟ್ಟೆಯ ಹತ್ತಿರ ನಾವು ನಿಂತರೆ ವಾಹನಗಳೂ ನಿಲ್ಲುತ್ತಿದ್ದವು. ಅವು ಹೋಗಲಿ ಎಂದು ನಾವು, ನಾವು ಹೋಗಲಿ ಎಂದು ಅವು. ಹೀಗೆ ಸುಮಾರು ಹೊತ್ತು ನಿಂತ ಮೇಲೆ ಒಬ್ಬ ಲಾರಿಯವನು ಇಳಿದು ಬಂದು ಡಾಕ್ಟರಮ್ಮನ ಮೊಣಕೈ ಹಿಡಿದು ದಾಟಿಸಿದ. ನಮ್ಮಲ್ಲಿ ಲಾರಿ ನಿಂತರೆ ಅದು ಕೆಟ್ಟಿದೆ ಎಂದೇ ಅರ್ಥ.

ಚಹಾದ ಅಂಗಡಿಯಲ್ಲಿ ಇನ್ನೊಂದು ಎಡವಟ್ಟಾಯಿತು. ಎರಡು ಚಹಾ ಹೇಳಿದರೆ ಅಂಗಡಿಯವನು ಒಂದು ತಟ್ಟೆ ತುಂಬ ಬನ್ನು, ರೋಲು, ವಡೆ, ತ್ರಿಕೋನದ ರೊಟ್ಟಿಗಳನ್ನು ತಂದಿಟ್ಟ. ನಾವು ಹೇಳಿರಲಿಲ್ಲ. ಡಾಕ್ಟರಮ್ಮ ಒಂದು ಬನ್ನನ್ನು ಮುರಿದು ನೋಡಿದರು. ಒಳಗೆ ಮೀನು. ಅದನ್ನು ನನ್ನ ಕಡೆ ತಳ್ಳಿದರು.

"ನೀನು ತಿನ್ನು. ನನಗೆ ವಡೆ ಸಾಕು."

ವಡೆಯ ಮೇಲೆ ಒಂದು ಇಡೀ ಸಿಗಡಿ ಕೂತಿತ್ತು. ಅದೂ ನನ್ನ ಕಡೆಗೇ ಬಂತು. ನಮ್ಮ ಮನೆಯಲ್ಲಿ ಬಡಿಸಿದ್ದನ್ನು ಬಿಡುವ ಪದ್ಧತಿ ಇಲ್ಲ. ನಾನು ತಿನ್ನುತ್ತಾ ಹೋದೆ. ತಟ್ಟೆ ಖಾಲಿಯಾಗುತ್ತಾ ಬಂದ ಹಾಗೆ ಅಂಗಡಿಯವನು ಸಂತೋಷದಿಂದ ಮತ್ತೆ ತುಂಬಿಸಿದ. ಅಳು ಬರುವ ಹಾಗಾಯಿತು. ಕೊನೆಗೆ ಪಕ್ಕದ ಮೇಜಿನವರನ್ನು ನೋಡಿ ತಿಳಿಯಿತು. ತಟ್ಟೆ ಇಡುವುದು ಆರಿಸಿಕೊಳ್ಳಲಿಕ್ಕೆ. ಬೇಕಾದ್ದು ತಿಂದು ಉಳಿದದ್ದು ಬಿಟ್ಟು ಏಳುವುದು. ತಿಂದದ್ದಕ್ಕೆ ಮಾತ್ರ ಲೆಕ್ಕ.

"ಎಂತದೇ ಗುಣ, ಉಮೇಶ ಸತ್ತ ಮೇಲೆ ನೀನು ಊಟ ಬಿಟ್ಟಿದೀಯ ಅಂತ ನಿಮ್ಮೋಣಿಯೋರು ಹೇಳಿದ್ರು. ನನಗೇನೂ ಹಂಗೆ ಕಾಣಲ್ಲ," ಎಂದರು ಡಾಕ್ಟರಮ್ಮ.

ನಮ್ಮನೆಯವರು ಹೋದ ಮೇಲೆ ನನ್ನೊಂದಿಗೆ ತಮಾಷೆ ಮಾಡಿದ ಮೊದಲನೆಯವರು ಡಾಕ್ಟರಮ್ಮ. ಉಳಿದವರೆಲ್ಲ ನನ್ನ ಹತ್ತಿರ ದನಿ ತಗ್ಗಿಸಿಯೇ ಮಾತಾಡುತ್ತಿದ್ದರು. ಅದು ದುಃಖಕ್ಕೆ ಕೊಡುವ ಮರ್ಯಾದೆಯೋ, ಕಾರ್ಬುರೇಟರಿನ ಸುದ್ದಿಯೋ, ನನಗೆ ಬೇರೆ ಮಾಡಿ ನೋಡಲು ಆಗುತ್ತಿರಲಿಲ್ಲ.

ಕ್ಯಾಂಡಿಯ ದಾರಿ

ಕ್ಯಾಂಡಿಗೆ ಬಸ್ಸಿನಲ್ಲಿ ಹೋದೆವು. ಡಾಕ್ಟರಮ್ಮ ಮುಂದಿನ ಸೀಟು ಖಾಲಿ ಇದ್ದದ್ದು ನೋಡಿ ಕೂತುಬಿಟ್ಟರು. ಬಸ್ಸಿನಲ್ಲಿ ಜನ ನಿಂತಿದ್ದರು, ಆ ಸೀಟಿಗೆ ಯಾರೂ ಹೋಗಿರಲಿಲ್ಲ. ಕಂಡಕ್ಟರ್ ಏನೂ ಹೇಳದೆ ನಮ್ಮನ್ನು ನೋಡಿ ನಗುತ್ತಿದ್ದ. ಎರಡು ಊರು ದಾಟಿದ ಮೇಲೆ ಕಾವಿ ಬಟ್ಟೆಯ ಒಬ್ಬ ಮುದುಕ ಭಿಕ್ಷು ಹತ್ತಿದಾಗ ಗೊತ್ತಾಯಿತು, ಅದು ಭಿಕ್ಷುಗಳ ಸೀಟು. ಹೆಂಗಸರು ಪಕ್ಕ ಕೂರುವಂತೆಯೂ ಇಲ್ಲ. ಡಾಕ್ಟರಮ್ಮ ಎದ್ದು ಕೈಮುಗಿದರು. ಆ ಭಿಕ್ಷು ನಿಂತೇ ಇದ್ದು, ಕೂತ್ಕೊಳ್ಳಿ ಎಂದು ಸನ್ನೆ ಮಾಡಿದರು. ಇವರು ನಿಂತರು, ಅವರೂ ನಿಂತರು. ಸೀಟು ಖಾಲಿಯೇ ಹೋಯಿತು. ಬೆಳಿಗ್ಗೆಯ ರಸ್ತೆ ದಾಟಿದ ಕಥೆಯೇ.

ಊರಿಂದೂರಿಗೆ ನೆಲ ಏರುತ್ತಾ ಹೋಗುತ್ತದೆ. ಬಿದಿರು, ಹಲಸು, ಮೆಣಸಿನ ಬಳ್ಳಿ, ಮತ್ತೆ ನಮ್ಮ ಬೈನೆ ಮರ. ನಮ್ಮಲ್ಲಿ ಬೈನೆ ಎಂದರೆ ಕಳ್ಳು ನೆನಪಾಗುತ್ತದೆ, ಇವರು ಅದರ ನೀರು ಕಾಯಿಸಿ ಬೆಲ್ಲ ಮಾಡುತ್ತಾರೆ. ಹುಲಿಕಲ್ ಘಾಟಿ ಹತ್ತುವಾಗಿನ ಹಾಗೆಯೇ ಕಿವಿ ಗುಯ್ ಎಂದಿತು. ಇಷ್ಟು ದೂರ ಬಂದು ಮತ್ತೆ ನಮ್ಮೂರಿಗೇ ಬಂದೆನಲ್ಲ ಎಂದು ಬೇಸರವೂ ಆಯಿತು. ನಮ್ಮನೆಯವರಿಲ್ಲದ ಜಾಗ ನೋಡಿ ನೋಡಿ ಸಾಕಾಗಿತ್ತು. ಅವರು ಎಂದೂ ಕಾಲಿಡದ ಊರಿನಲ್ಲಾದರೂ ಆ ಕೊರತೆ ಕಾಣಲಿಕ್ಕಿಲ್ಲ ಎಂದುಕೊಂಡಿದ್ದೆ.

ಇಲ್ಲಿ ಮೈನರುಗಳು ಇನ್ನೂ ಓಡುತ್ತವೆ. ಮೇಲೆ ಹಾಸಿಗೆ ಕಟ್ಟಿಕೊಂಡು, ಹಿಂದೆ ಮಕ್ಕಳನ್ನು ತುಂಬಿಕೊಂಡು, ನಮ್ಮಲ್ಲಿ ಓಮ್ನಿ ಹೋಗುವ ಹಾಗೆ ಹೋಗುತ್ತಿದ್ದವು. ಡಾಕ್ಟರಮ್ಮ ಒಂದೊಂದು ಕಂಡಾಗಲೂ ನನ್ನ ತೋಳು ಹಿಡಿದು ಅಲುಗಿಸುತ್ತಿದ್ದರು. "ನೋಡೇ, ಬಂಪರು ಬದಲಾಯಿಸಿದಾರೆ. ದೀಪ ಯಾವುದೋ ಬೇರೆ ಕಾರಿಂದು. ನಮ್ಮದು ಹಂಗಲ್ಲ." ಆಮೇಲೆ ಏನೋ ನೆನಪಾಗಿ ನನ್ನ ತೋಳು ಬಿಟ್ಟರು. ಆ ಮಾತನ್ನು ಪೂರ್ತಿ ಮಾಡಲು ಈಗ ಅವರಿಗೂ ಆಗುತ್ತಿರಲಿಲ್ಲ.

ನನ್ನ ಗಂಡನನ್ನು ನಾನು ನಂಬಿದ್ದೆ. ಆದರೆ ಆ ಬಸ್ಸಿನಲ್ಲಿ ನಿಂತು ನಾನು ಹುಡುಕುತ್ತಿದ್ದದ್ದು, ಒಂದು ವೇಳೆ ಮಾರಿದ್ದೇ ನಿಜವಾದರೆ ಯಾವ ಕಷ್ಟಕ್ಕೆ ಮಾರಿದರು ಎಂಬುದನ್ನು. ಮಗಳ ಮದುವೆಯ ವರ್ಷವಾ, ಗ್ಯಾರೇಜಿನ ಸೂರು ಹಾರಿಹೋದ ವರ್ಷವಾ ಎಂದು ಮನಸ್ಸು ತಾನಾಗಿಯೇ ಕಾರಣ ಹುಡುಕುತ್ತಿತ್ತು. ನಾನು ಬೇಡ ಎಂದರೂ ಬಿಡಲಿಲ್ಲ.

ಪೇರಾದೆಣಿಯ

ನಿಮಲ್‌ನ ಗ್ಯಾರೇಜು ಕ್ಯಾಂಡಿಗೆ ಸ್ವಲ್ಪ ಮೊದಲು, ಪೇರಾದೆಣಿಯ ಎಂಬಲ್ಲಿ. ಹಲಸಿನ ಮರದಡಿ ಎರಡು ಮೈನರುಗಳು ಬಾಯಿ ತೆರೆದು ನಿಂತಿದ್ದವು. ನಿಮಲ್ ನಮ್ಮನೆಯವರ ವಯಸ್ಸಿನವನೇ. ಲುಂಗಿಯುಟ್ಟು ಕಾರಿನ ಕೆಳಗಿನಿಂದ ಹೊರಗೆ ಬಂದ. ಡಾಕ್ಟರಮ್ಮನನ್ನು ನೋಡಿ ನಮಸ್ಕಾರ ಮಾಡಿದ. ನನ್ನನ್ನು ನೋಡಿ ಒಳಗೆ ಹೋಗಿ ಕೈ ತೊಳೆದು ಬಂದು ಆಮೇಲೆ ಕೈಮುಗಿದ. ಕುರ್ಚಿಗಳನ್ನು ಒರೆಸಿ ಕೂರಿಸಿದ. ಅವನ ಹೆಂಡತಿ ಹಾಲಿಲ್ಲದ ಚಹಾ ತಂದು ಒಬ್ಬೊಬ್ಬರ ಅಂಗೈಗೂ ಬೈನೆ ಬೆಲ್ಲದ ತುಂಡು ಇಟ್ಟಳು. ಬೆಲ್ಲ ಕಚ್ಚಿ ಚಹಾ ಕುಡಿಯಬೇಕು. ನನ್ನ ಅಜ್ಜಿ ಹಾಗೆಯೇ ಕುಡಿಯುತ್ತಿದ್ದಳು.

ಚಹಾ ಮುಗಿಯುವ ತನಕ ಯಾರೂ ವಿಷಯ ಎತ್ತಲಿಲ್ಲ. ಆಮೇಲೆ ಅವನು ಒಂದು ಬಟ್ಟೆಯ ಗಂಟು ತಂದು ಬೆಂಚಿನ ಮೇಲೆ ಬಿಚ್ಚಿದ. ಫೋನಿನಲ್ಲಿ ಕಂಡದ್ದೇ. ಮುಷ್ಟಿಗಿಂತ ದೊಡ್ಡದು, ಮೇಲೊಂದು ಗಂಟೆಯ ಆಕಾರದ ಟೋಪಿ, ಬದಿಗೆ ಪೆಟ್ರೋಲು ನಿಲ್ಲುವ ಬಟ್ಟಲು. ಬಟ್ಟಲಿನ ಮುಚ್ಚಳದ ಸ್ಕ್ರೂವಿಗೆ ಉಗುರಿನಷ್ಟು ತಗಡಿನ ಬಿಲ್ಲೆ, ಅದರ ಮೇಲೆ ಅಂಕಿ.

ಡಾಕ್ಟರಮ್ಮ ಅವನ ಮುಖವನ್ನೇ ನೋಡುತ್ತಾ ನಿಧಾನವಾಗಿ ಇಂಗ್ಲಿಷಿನಲ್ಲಿ ಕೇಳಿದರು. ಇದನ್ನು ಉಮೇಶ ನಿನಗೆ ಕಳಿಸಿದ್ದಾ, ಮಾರಲಿಕ್ಕೆ?

ನಿಮಲ್‌ಗೆ ಅರ್ಥವಾಗಲಿಲ್ಲ. ಎರಡನೆಯ ಸಲ ಕೇಳಿದಾಗ ಅರ್ಥವಾಯಿತು. ಬೇಜಾರಾದದ್ದು ಅವನ ಮುಖದಲ್ಲೇ ಕಂಡಿತು. ಕಳಿಸಿದ್ದಲ್ಲ, ಕೇಳಿದ್ದು ಎಂದ. ಉಮೇಶ ಫೋನಿನಲ್ಲೇ ಗುರುತಾದವನು, ಎರಡು ವರ್ಷದಿಂದ ಕೇಳುತ್ತಿದ್ದ. ಇದು ಒಬ್ಬ ಮೇಷ್ಟ್ರ ಮನೆಯ ಮುರಿದ ಮೈನರಿನಿಂದ ಸಿಕ್ಕಿದ್ದು. ಒಳಗಿನದೆಲ್ಲ ಹೊಸದು ಮಾಡಿದ್ದೇನೆ. ಅದರ ಲೆಕ್ಕ ನಮ್ಮಿಬ್ಬರ ನಡುವೆ ಆಗಲೇ ಮುಗಿದಿದೆ, ತಾನೇ ಬಂದು ಒಯ್ಯುತ್ತೇನೆ ಎಂದಿದ್ದ.

ಡಾಕ್ಟರಮ್ಮ ಅದನ್ನು ಕನ್ನಡದಲ್ಲಿ ನನಗೆ ಹೇಳಿದರು. ನನಗೆ ಅಷ್ಟು ಇಂಗ್ಲಿಷು ತಿಳಿದಿತ್ತು. ಉಸಿರು ಬಿಟ್ಟೆ. ಬಿಟ್ಟ ಉಸಿರು ಪೂರ್ತಿ ಹೊರಗೆ ಹೋಗುವ ಮುಂಚೆಯೇ ಪ್ರಸನ್ನ ಏನನ್ನುತ್ತಾನೆ ಎಂಬುದೂ ಹೊಳೆಯಿತು. ಒರಿಜಿನಲ್ ಮಾರಿಕೊಂಡ, ಆಮೇಲೆ ಹೆದರಿ ಅಂಥದೇ ಇನ್ನೊಂದು ಹುಡುಕಿದ ಎಂದರೆ ನಾನು ಏನು ಹೇಳಲಿ? ಡಾಕ್ಟರಮ್ಮನ ಮುಖ ನೋಡಿದೆ. ಅವರಿಗೂ ಅದೇ ಹೊಳೆದಿತ್ತು.

"ಈಗ ನಮ್ಮ ಕಾರಿನಲ್ಲಿ ಇರೋದು ಯಾವುದು, ಕೇಳಿ," ಎಂದೆ.

ನಿಮಲ್ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಇನ್ನೊಂದು ಕಾರ್ಬುರೇಟರ್ ತಂದು ಪಕ್ಕದಲ್ಲಿಟ್ಟ. ಉಮೇಶ ಫೋನು ಹಿಡಿದು ಬಾನೆಟ್ಟಿನ ಒಳಗನ್ನೆಲ್ಲ ತೋರಿಸಿದ್ದನಂತೆ, ಇದೇ ಜಾತಿಯದು. ಎರಡೂ ನನಗೆ ಒಂದೇ ಹಾಗೆ ಕಂಡವು. ಅವನು ಎರಡನ್ನೂ ಮಗುಚಿ ಹಿಡಿದ. ಆಗ ಗೊತ್ತಾಯಿತು. ಗಂಟಿನಿಂದ ಬಿಚ್ಚಿದ್ದರಲ್ಲಿ ಬಟ್ಟಲು ಬುಡಕ್ಕೇ ಬೋಲ್ಟಿನಿಂದ ಕೂತಿದೆ, ಪೆಟ್ರೋಲು ಲೋಹದ ಒಳಗೇ ಹರಿಯುತ್ತದೆ. ಗೋಡೆಯಿಂದ ತಂದದ್ದರಲ್ಲಿ ಬಟ್ಟಲಿನ ತಳದಿಂದ ನಡುವಿನ ತೂತಿಗೆ ಬೆರಳುದ್ದದ ಒಂದು ನೈಲಾನ್ ಪೈಪು. ಡಾಕ್ಟರಮ್ಮನ ಕಾರು ತಯಾರಾಗುವಾಗ ಪೈಪಿನದು ಇನ್ನೂ ಬಂದಿರಲೇ ಇಲ್ಲ, ಚಾಸಿ ನಂಬರು ನೋಡಿದರೆ ಗೊತ್ತಾಗುತ್ತದೆ ಎಂದ ನಿಮಲ್. ಶಿವಮೊಗ್ಗದವರು ಹೇಳಿದ್ದು ಸರಿಯೇ.

ಡಾಕ್ಟರಮ್ಮ ಪೈಪಿನದನ್ನು ಕೈಗೆ ತೆಗೆದುಕೊಂಡರು. ಕಣ್ಣಿನ ಹತ್ತಿರ ತರಲಿಲ್ಲ. ಹೆಬ್ಬೆರಳನ್ನು ಆ ಪೈಪಿನ ಮೇಲಿಟ್ಟು ಮೆಲ್ಲಗೆ ಒತ್ತಿದರು.

"ಗುಣ," ಎಂದರು. "ಇದನ್ನ ನಾನು ಮುಟ್ಟಿದೀನಿ."

"ಯಾವಾಗ?"

"ಅಕ್ಕನ ಮದುವೆ ದಿನ. ನಾನು ಲಂಗ ಹಾಕೋ ಹುಡುಗಿ. ಕಾರು ಗಂಡಿನೋರನ್ನ ಕರ್ಕೊಂಡ್ ಬರಬೇಕಿತ್ತು. ನೋಡಿದ್ರೆ ಶೆಡ್ಡಲ್ಲೆಲ್ಲ ಪೆಟ್ರೋಲ್ ವಾಸನೆ. ಇಲಿ ಪೈಪು ಕಡ್ದಿತ್ತು. ಅಪ್ಪಯ್ಯ ಬಟ್ಟೆ ತರೋಕೆ ಒಳಗೆ ಓಡಿದ್ರು. ಅಲ್ಲೀತನಕ ಸೋರದ ಹಂಗೆ ಹಿಡ್ಕಳೇ ಅಂತ ನನ್ನ ಹೆಬ್ಬೆಟ್ಟು ಇದ್ರ ಮೇಲೆ ಇಡಿಸಿದ್ರು. ಹೊಸಾ ಲಂಗ ಪೂರಾ ಹಾಳಾಯ್ತು. ಗಂಡಿನೋರು ಲಾರೀಲಿ ಬಂದ್ರು. ಅತ್ತೆಮನೇಲಿ ಅಕ್ಕಂಗೆ ಸಾಯೋ ತನಕ ಲಾರೀ ಸೊಸೆ ಅಂತ ಹೆಸರು."

ಪೈಪಿನದನ್ನು ಬೆಂಚಿನ ಮೇಲಿಟ್ಟರು.

"ಉಮೇಶ ಆವಾಗ ಹುಟ್ಟಿರಲೂ ಇಲ್ಲ," ಎಂದರು.

ಡಾಕ್ಟರಮ್ಮನ ತಂದೆ ಆ ಕಾರನ್ನು ಕೊಂಡದ್ದು ಒಬ್ಬ ಕಾಫಿ ತೋಟದವರಿಂದ. ಅವರು ಬದಲಾಯಿಸಿದ್ದೋ, ಇವರು ಬದಲಾಯಿಸಿದ್ದೋ, ಈಗ ಹೇಳುವವರು ಯಾರೂ ಇಲ್ಲ. ಒಂದು ಸ್ಕ್ರೂ ಬದಲಾಗದ ಕಾರಿನಲ್ಲಿ ಕಾರ್ಬುರೇಟರೇ ಬದಲಾಗಿ ಅರವತ್ತು ವರ್ಷದ ಹತ್ತಿರ ಹತ್ತಿರ ಆಗಿತ್ತು. ಅದು ನಮ್ಮನೆಯವರಿಗೆ ಬಾನೆಟ್ ಎತ್ತಿದ ಮೊದಲ ದಿನವೇ ಗೊತ್ತಾಗಿರಬೇಕು.

"ಗೊತ್ತಿದ್ದೂ ನನಗೆ ಯಾಕೆ ಹೇಳಲಿಲ್ಲ ಅವನು?" ಡಾಕ್ಟರಮ್ಮ ನನ್ನನ್ನು ಕೇಳಿದರು, ನಿಮಲ್‌ನನ್ನೂ ಕೇಳಿದರು.

ನಿಮಲ್ ಸ್ವಲ್ಪ ಸಂಕೋಚಪಟ್ಟ. ಅವನಿಗೂ ನಮ್ಮನೆಯವರಿಗೂ ಇದ್ದದ್ದು ಬಿಡಿಭಾಗಗಳ ಹೆಸರಿನಷ್ಟೇ ಇಂಗ್ಲಿಷು, ಉಳಿದದ್ದೆಲ್ಲ ಫೋನಿನಲ್ಲಿ ಸನ್ನೆ. ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಆಮೇಲೆ ಎರಡೂ ಕೈಯ ಹೆಬ್ಬೆರಳು ತೋರುಬೆರಳು ಸೇರಿಸಿ ಕಣ್ಣಿನ ಮುಂದೆ ಕನ್ನಡಕದ ಹಾಗೆ ಎರಡು ಉಂಗುರ ಮಾಡಿ, ಕುತ್ತಿಗೆ ಉದ್ದ ಮಾಡಿ, ಮೂಗಿನ ತುದಿಯಿಂದ ನೋಡಿದ.

ಅದು ನಮ್ಮ ಮನೆಯ ಸನ್ನೆ. ಅಂಗಡಿಯಲ್ಲಿ ಗಿರಾಕಿಗಳಿದ್ದಾಗ ನಮ್ಮನೆಯವರಿಗೆ ಫೋನು ಬಂದರೆ ಯಾರು ಎಂದು ನಾನು ಹುಬ್ಬು ಏರಿಸುತ್ತಿದ್ದೆ. ಡಾಕ್ಟರಮ್ಮನದಾದರೆ ಅವರು ಹೀಗೇ ಕಣ್ಣಿಗೆ ಉಂಗುರ ಹಿಡಿದು ಹೀಗೇ ಕುತ್ತಿಗೆ ಉದ್ದ ಮಾಡುತ್ತಿದ್ದರು. ಎಂದೂ ನೋಡದ ದೇಶದಲ್ಲಿ, ಗುರುತಿಲ್ಲದವನ ಕೈಯಲ್ಲಿ, ನನ್ನ ಗಂಡನ ಕೈ ಹಾಗೆ ಎದ್ದು ಬಂತು. ನಾನು ಹಲಸಿನ ಮರದ ಕಡೆ ತಿರುಗಿದೆ.

ಹಿಂದೆ ನಿಮಲ್ ಏನೋ ಹೇಳುತ್ತಿದ್ದ. ಡಾಕ್ಟರಮ್ಮ ಅದನ್ನು ಕನ್ನಡದಲ್ಲಿ ನನಗೆ ಹೇಳಬೇಕಿತ್ತು. ಶುರು ಮಾಡಿದರು, ನಿಲ್ಲಿಸಿದರು.

"ಇವನು ಹೇಳೋದು ಎಂತ ಅಂದ್ರೆ... ಉಮೇಶ ಹೇಳಿದ್ನಂತೆ, ಮೇಡಂಗೆ ಹೇಳೋದು ಬೇಡ. ಸರ್ವಿಸ್ಸಿಗೆ ಬಂದಾಗ ಇದನ್ನ ಸುಮ್ನೆ ಕೂರಿಸಿಬಿಡ್ತೀನಿ ಅಂತ. ಆಮೇಲೆ..."

"ಅರ್ಥ ಆಯ್ತು ಡಾಕ್ಟ್ರಮ್ಮ. ಬಿಡಿ."

"ಇಲ್ಲ, ಹೇಳ್ತೀನಿ. ಆಮೇಲೆ ಮೇಡಂ ಎಲ್ರಿಗೂ ಹೇಳೋ ಮಾತು ನಿಜ ಆಗ್ತದೆ ಅಂದ್ನಂತೆ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. "ನಾನು ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು ಮಾರಾಯ್ತಿ. ಕಂಡೋರಿಗೆಲ್ಲ ಸ್ಕ್ರೂ ಸ್ಕ್ರೂ ಅಂತ ಹೇಳಿ, ಅವನನ್ನ ಕಳ್ಳ ಮಾಡಿದ್ದು ನಾನೇ."

ನಾನು ಇಲ್ಲ ಎನ್ನಲಿಲ್ಲ. ನಿಮಲ್‌ನ ಹೆಂಡತಿ ಇನ್ನೊಂದು ಸಲ ಅಂಗೈಗೆ ಬೆಲ್ಲ ಇಟ್ಟಳು.

ಕಾರಿನ ಶೆಡ್ಡು

ಡಾಕ್ಟರಮ್ಮ ತೀರ್ಥಹಳ್ಳಿಗೆ ಬಂದ ಮಾರನೆಯ ದಿನವೇ ಸಾಗರದಿಂದ ಶೇಖರಣ್ಣನನ್ನು ಕರೆಸಿದರು. ಪ್ರಸನ್ನನನ್ನೂ ನಿಲ್ಲಿಸಿಕೊಂಡರು. ಅವನ ಕೈಗೆ ಟಾರ್ಚು ಕೊಟ್ಟು, ಬಾನೆಟ್ಟಿನ ಒಳಗೆ ಬಗ್ಗಿಸಿ, ಬಟ್ಟಲಿನ ತಳ ಮುಟ್ಟಿ ನೋಡು ಎಂದರು.

"ಪೈಪ್ ಇದೆ ಅತ್ತೆ."

"ಹಾಂ. ಅದನ್ನ ನಾನು ನಿಮ್ಮಪ್ಪನಿಗೆ ಮೀಸೆ ಬರೋಕ್ ಮೊದ್ಲೇ ಮುಟ್ಟಿದೀನಿ." ಇಲಿಯ ಕಥೆ ಹೇಳಿದರು. ಈ ಸಲ ಲಂಗವನ್ನೂ ಲಾರಿಯನ್ನೂ ಬಿಟ್ಟರು.

ಪ್ರಸನ್ನ ಟಾರ್ಚನ್ನು ಆರಿಸಿ ಹಚ್ಚಿ ಮಾಡುತ್ತಿದ್ದ. "ಹಂಗಾರೆ ಒರಿಜಿನಲ್ ತೆಗೆದಿದ್ದು ಯಾರು?"

"ನಿನ್ನಜ್ಜ ಇರಬೇಕು. ಹೋಗು, ಅವ್ರ ಮೇಲೆ ಕಂಪ್ಲೇಂಟ್ ಕೊಡು."

ಶೇಖರಣ್ಣ ಕೆಮ್ಮಿದರು. ಡಾಕ್ಟರಮ್ಮ ಮುಗಿಸಿರಲಿಲ್ಲ. "ಉಮೇಶನ ವಿಷಯ ಯಾವ ಯಾವ ಹೋಟ್ಲಲ್ಲಿ ಕೂತು ಹೇಳಿದ್ಯೋ, ಅಲ್ಲೆಲ್ಲ ಹೋಗಿ ಇದನ್ನೂ ಹೇಳ್ಬೇಕು. ಒಂದೂ ಬಿಡೋ ಹಂಗಿಲ್ಲ. ಚಾದ ಖರ್ಚು ನಂದು."

ಪ್ರಸನ್ನ ನನ್ನ ಕಡೆ ತಿರುಗಿದ. ಏನೋ ಹೇಳಬೇಕೆಂದು ಬಾಯಿ ತೆರೆದು, "ಗುಣಕ್ಕ, ಊಟ ಮಾಡ್ಕೊಂಡ್ ಹೋಗಿ," ಎಂದ. ಈ ಗಳಿಗೆಗಾಗಿ ನಾನು ತಿಂಗಳುಗಟ್ಟಲೆ ಕಾದಿದ್ದೆ. ಅವನ ಮುಖ ನೋಡಿದೆ. ಪಾಪ, ಅವನೂ ಸುಸ್ತಾಗಿದ್ದ.

ಶೇಖರಣ್ಣ ಬಟ್ಟೆಯ ಗಂಟು ಬಿಚ್ಚಿದರು. ಬಿಲ್ಲೆಯ ಅಂಕಿಯನ್ನು ಉಗುರಿನಿಂದ ಸವರಿ ಓದಿದರು. ಟೋಪಿಯ ಒಳಗಿನ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟರು. ಅದು ಮೆಲ್ಲಗೆ ಇಳಿದು ತಳಕ್ಕೆ ಟಕ್ ಎಂದು ಕೂತಿತು.

"ಕೇಳಿದ್ರಾ? ಇಂಥದು ಈಗ ಸಿಗಲ್ಲ," ಎಂದರು. ಸ್ಪ್ಯಾನರ್ ಕೈಗೆ ತೆಗೆದುಕೊಂಡು, "ಇದು ಉಮೇಶ ಕೂರಿಸ್ಬೇಕಿತ್ತು ಗುಣಕ್ಕ," ಎಂದರು. ಪೈಪಿನದನ್ನು ಬಿಚ್ಚುವಾಗ ಅವರ ಸ್ಪ್ಯಾನರ್ ಎರಡು ಸಲ ಜಾರಿತು. ನಮ್ಮನೆಯವರಾದರೆ ಸ್ಪ್ಯಾನರಿಗೆ ಬಟ್ಟೆಯ ಚೂರು ಸುತ್ತಿಕೊಳ್ಳುತ್ತಿದ್ದರು. ಹೇಳಲು ಹೊರಟು ಸುಮ್ಮನಾದೆ. ಅವರ ಕೆಲಸ ಅವರದು.

ಕಾರು ಮೂರನೆಯ ಸಲಕ್ಕೆ ಹೊತ್ತಿಕೊಂಡಿತು. ಶೆಡ್ಡಿನ ತಗಡು ನಡುಗಿತು. ಡಾಕ್ಟರಮ್ಮ ಸ್ಟೀರಿಂಗ್ ಹಿಡಿದು ಕೂತೇ ಇದ್ದರು, ಎಲ್ಲಿಗೂ ಹೋಗಲಿಲ್ಲ. ಶಿವಮೊಗ್ಗದವರಿಗೆ ಇನ್ನು ಏನು ಹೇಳುವುದು ಎಂದು ಪ್ರಸನ್ನ ಕೇಳಿದ.

"ಮಾರೋದು ಇದ್ದೇ ಇದೆ, ಕಣ್ಣು ಕಾಣಲ್ವಲ್ಲ. ತಗೊಳ್ಳೋರಿಗೆ ನಾನೇ ಹೇಳ್ತೀನಿ. ಬೇರೆದರ ವಿಷಯ ನನಗೆ ಗೊತ್ತಿಲ್ಲ, ಕಾರ್ಬುರೇಟರ್ ಮಾತ್ರ ಒರಿಜಿನಲ್. ಅದು ಉಮೇಶ ಹುಡುಕಿ ತರಿಸಿದ್ದು ಅಂತ."

ಹೊಸನಗರದ ಬಸ್ಸು

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕಂಡಕ್ಟರ್ ಗುರುತಿನವರು. ಅವರ ಬೈಕು ನಮ್ಮ ಗ್ಯಾರೇಜಿಗೇ ಬರುತ್ತಿತ್ತು.

"ಅಂಗಡಿ ಬಾಗ್ಲು ಹಾಕಿತ್ತಲ್ಲ ಅಕ್ಕ. ಎಲ್ಲಿ ಹೋಗಿದ್ರಿ?"

"ಶ್ರೀಲಂಕಾಕ್ಕೆ."

ತಮಾಷೆ ಎಂದುಕೊಂಡರು. ನನ್ನ ಮುಖ ನೋಡಿ ಅಲ್ಲ ಎಂದು ತಿಳಿಯಿತು. "ಅಷ್ಟು ದೂರ ಎಂತಕ್ಕೆ?"

"ನಮ್ಮನೆಯವರದು ಒಂದು ಕೆಲಸ ಬಾಕಿ ಇತ್ತು."

"ಮುಗೀತಾ?"

"ಮುಗೀತು," ಎಂದೆ.

ಅವರು ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದರು. ಆ ಮಾತು ನನ್ನ ಬಾಯಿಂದ ಬಂದ ಮೇಲೆಯೇ ನನಗೆ ಕೇಳಿಸಿದ್ದು. ಇಷ್ಟು ತಿಂಗಳು ಬೆಳಿಗ್ಗೆ ಎದ್ದರೆ ನಮ್ಮನೆಯವರಿಗಾಗಿ ಮಾಡುವುದು ಏನಾದರೊಂದು ಇರುತ್ತಿತ್ತು. ಯಾರಿಗೋ ಉತ್ತರ ಹೇಳುವುದು, ಯಾರ ಮೇಲೋ ಸಿಟ್ಟಾಗುವುದು, ಪಾಸ್‌ಪೋರ್ಟಿಗೆ ಓಡುವುದು, ಬಸ್ಸು ಕೇಳುವುದು. ನಾಳೆಯಿಂದ ಅವರ ಹೆಸರಿನಲ್ಲಿ ನಾನು ಮಾಡಬೇಕಾದದ್ದು ಯಾವುದೂ ಇಲ್ಲ. ಅವರು ಹೋದರು ಎಂದು ಅಳಲು ಈಗ ನನಗೆ ಪುರುಸೊತ್ತಾಗಿತ್ತು. ಸೆರಗನ್ನು ಮುಖಕ್ಕೆ ಎಳೆದುಕೊಂಡು ಕಿಟಕಿಗೆ ಒರಗಿದೆ. ಹೊಸನಗರ ಬಂದಾಗ ಕಂಡಕ್ಟರ್ ಎಬ್ಬಿಸಲಿಲ್ಲ. ಬಸ್ಸು ನಿಲ್ಲಿಸಿಕೊಂಡು, ನಾನಾಗಿಯೇ ಏಳುವ ತನಕ ಬಾಗಿಲ ಹತ್ತಿರ ನಿಂತಿದ್ದರು.